ಜಪಾನಿಗೆ ಹೋಗದ ಅಕ್ಷರಗಳು

“ಅಲ್ಲೇ ನೆಲದ ಮ್ಯಾಲ ಕುಂತು ಬರಿಬೇ. ಮೇಜಿಗೆ ಪೂಜಿ ಮಾಡ್ಸೀನಿ, ಮುಟ್ಟಬ್ಯಾಡ,” ಎಂದ ಶಂಭುಲಿಂಗಪ್ಪ.

ಕೂತೆ. ಅಕ್ಷರಮಾಲೆಯ ಕೊನೆಯ ಹಾಳೆ ಉಳಿದಿತ್ತು.

ರಾಯಚೂರಿನ ಈ ಅಂಗಡಿ ಅವನದು. ಜಪಾನಿನ ಒಂದು ಕಂಪನಿಯ ಕಾಮಿಕ್ಸ್ ಪುಸ್ತಕಗಳು ಇಲ್ಲಿ ಕನ್ನಡವಾಗುತ್ತವೆ. ಚಿತ್ರದ ಜನರ ಬಾಯಿಯ ಪಕ್ಕದ ಗುಳ್ಳೆಗಳಲ್ಲಿ ಜಪಾನಿ ಅಳಿಸಿ, ಅನುವಾದವಾಗಿ ಬಂದ ಕನ್ನಡವನ್ನು ಕೈಯಿಂದ ಬರೆಯುವವಳು ನಾನು, ನಾಗವೇಣಿ. ಇಡೀ ದಿನ ಆ ಕಾಗದದ ಜನ ಬಿಟ್ಟರೆ ನನ್ನ ಜೊತೆ ಮಾತಾಡುವವರಿಲ್ಲ. ಅವರ ಮಾತನ್ನೂ ನಾನೇ ಬರೆಯಬೇಕು, ನೋಡಿ!

ಈ ಬರವಣಿಗೆ ನನ್ನಪ್ಪ ತಾಯಣ್ಣನದು. ದೇವದುರ್ಗ, ಮಾನ್ವಿಯ ಗೋಡೆಗಳ ಮೇಲೆ ನಮ್ಮ ದಲಿತ ಸಂಘದ ಘೋಷಣೆ ಬರೆಯುತ್ತಿದ್ದ. ಅವನು ಸತ್ತ. ಗೋಡೆಗಳಿಗೆ ಸುಣ್ಣ ಬಳಿದರು. ಅವನ ದುಂಡನೆಯ ಅಕ್ಷರ ಉಳಿದದ್ದು ನನ್ನ ಕೈಯಲ್ಲಿ ಮಾತ್ರ.

ಕಂಪನಿ ಬೆಳೆದ ಕಥೆ ಶಂಭುಲಿಂಗಪ್ಪನಿಗೆ ಬಾಯಿಪಾಠ. “ಮೊದ್ಲು ಒಂದ್ ಪತ್ರಿಕಿ ತರ್ತಿದ್ರಂತ. ಈಗ ಪುಸ್ತಕ, ಟೀವಿ, ಫೋನಿನ್ಯಾಗ ಆಟ, ದೇಶದೇಶಕ್ಕ ಆಫೀಸು! ಕನ್ನಡದ ಎಲ್ಲಾ ಪುಸ್ತಕಕ್ಕ ಈ ಅಕ್ಷರನೇ ಬೇಕಂತ. ಒಂದ್ಸಲ ಬರದ್ ಕೊಟ್ರ ಕಂಪ್ಯೂಟರಿಗೆ ಹಾಕ್ತಾರ. ಆಮ್ಯಾಲ ಅದೇ ಬರೀತದ.”

“ಆಮ್ಯಾಲ ನಾನ್ರೀ?”

“ನೀ ಯಾಕ ಬೇಕು? ಮನಿಗಿ ಹೋಗು.”

“ನಮ್ಮಪ್ಪನ ಹೆಸ್ರರ ಇಡ್ರಿ ಆ ಅಕ್ಷರಕ್ಕ. ಬ್ಯಾರೆ ಏನೂ ಬ್ಯಾಡ.”

ಅವನು ಹೊಟ್ಟೆ ಕುಲುಕಿಸಿ ನಕ್ಕ. “ನಿಮ್ಮಪ್ಪನ ಹೆಸ್ರು ಜಪಾನಿಗಿ? ಥೂ ನಿನ್ನ! ಬರದಾಕಿ ನನ್ನ ಮಗಳು ವಿಜಯಲಕ್ಷ್ಮಿ ಅಂತ ಅವ್ರಿಗೆ ಆಗ್ಲೇ ಹೇಳೀನಿ.”

ಮಧ್ಯಾಹ್ನ ಜಪಾನಿನಿಂದ ವಿಡಿಯೋ ಕರೆ ಬಂತು. ಕಂಪನಿಯ ಹೆಂಗಸೊಬ್ಬಳು ಪರದೆಯಲ್ಲಿ ನಗುತ್ತ, ಬರೆದ ಕೈ ತೋರಿಸಿ ಎಂದಳು. ಇಂಗ್ಲಿಷಿನಲ್ಲಿ ಕೇಳಿದರೂ ನನಗೆ ತಿಳಿಯಿತು. ವಿಜಯಲಕ್ಷ್ಮಿ ಮೆಹಂದಿ ಹಚ್ಚಿದ ಕೈ ಎತ್ತಿದಳು. ಆ ಹೆಂಗಸು ಸೊಂಟ ಬಗ್ಗಿಸಿ ಅದಕ್ಕೆ ನಮಸ್ಕರಿಸಿದಳು. ಮಸಿ ಮೆತ್ತಿದ ಕೈ ಹೊತ್ತು ನಾನು ಬಾಗಿಲಾಚೆ ನಿಂತಿದ್ದೆ.

ಕರೆ ಮುಗಿದದ್ದೇ ಒಳಗೆ ಹೋಗಿ ಹಾಳೆಗಳನ್ನೆಲ್ಲ ಬಾಚಿಕೊಂಡೆ. ಇನ್ನೂ ಸ್ಕ್ಯಾನ್ ಆಗಿರಲಿಲ್ಲ. ಮೂಲೆಯಲ್ಲಿ ಕುಡಿಯುವ ನೀರಿನ ಹರವಿ ಇತ್ತು. ಕೆಲಸಕ್ಕೆ ಸೇರಿದಾಗಿನಿಂದ ನಾನು ಅದನ್ನು ಮುಟ್ಟುವಂತಿರಲಿಲ್ಲ. ಯಾರಾದರೂ ಮೇಲಿಂದ ಬೊಗಸೆಗೆ ಸುರಿದರಷ್ಟೇ ನನಗೆ ನೀರು. ಮುಚ್ಚಳ ತೆಗೆದು, ಹಾಳೆಗಳನ್ನು ಒಳಗೆ ತುರುಕಿ, ಮೊಣಕೈವರೆಗೂ ಕೈ ಮುಳುಗಿಸಿ ಒತ್ತಿದೆ.

“ಏ, ಏ! ನಿನ್ನೌನ, ಹರವಿ ಮುಟ್ಟಿದೇನಬೇ!” ಶಂಭುಲಿಂಗಪ್ಪ ಕಿರುಚಿದ. ಹಾಳೆಗಳು ಹೋದದ್ದು ಅವನಿಗೆ ಹೊಳೆದದ್ದು ಆಮೇಲೆ.

“ಮುಟ್ಟೀನಿ. ಇನ್ನ ನಿನ್ನ ಮಗಳ ಕೈಲೆ ಬರಸ್ಕೊ.”

ಕರೆ ನೋಡಲು ಬಂದ ಜನ ಅಂಗಡಿ ತುಂಬ ಇದ್ದರು. ಒಬ್ಬರೂ ನನ್ನ ಪಕ್ಕಕ್ಕೆ ಬರಲಿಲ್ಲ. ಮಸಿ ಬಿಟ್ಟು ನೀರು ಕಪ್ಪಾಗುತ್ತಿತ್ತು; ಅಪ್ಪ ಇನ್ನೊಂದು ಸಲ ಸತ್ತ ಹಾಗಾಯಿತು. ಅಳು ಬಂತು, ಜೋರಾಗಿ ಅತ್ತೆ. ಕೈಯನ್ನು ಮಾತ್ರ ಹರವಿಯಿಂದ ತೆಗೆಯಲಿಲ್ಲ.