ಮುಸಾಫಿರಖಾನೆಯ ಮೂರನೇ ಕಮಾನು

“ಏಳನೇ ಇಯತ್ತೆಗೆ ಸಾಲಿ ಬಿಟ್ಟಾಂವ ನೀ, ಗೊಲ್ಲಾಳ್ಯಾ. ಹಳೇದು ಯಾವುದು, ಹೊಸಾದು ಯಾವುದು ಅಂತ ನನಗ ಕಲಿಸಾಕ ಬಂದಿ? ಹೋಗ್, ನಿಮ್ಮವ್ವನ ರೊಟ್ಟಿ ಬುಟ್ಟಿ ಹೊರು!”

ಚಹಾದಂಗಡಿಯ ಮುಂದೆ ಇಡೀ ಓಣಿ ನಿಂತಿತ್ತು. ಹೀಗೆಂದವನು ಶಿವಪ್ರಕಾಶ, ಕಟ್ಟಡ ಕಂಪನಿಯ ದಲ್ಲಾಳಿ. ಎಲ್ಲರೂ ನಕ್ಕರು. ನಮ್ಮ ಓಣಿಯ ಹಿರಿಯ ಮಲ್ಲಣ್ಣ ಕಾಕಾನೂ ನಕ್ಕ. ನನ್ನ ಮೈಯೆಲ್ಲ ಉರಿಯಿತು. ನಾನು ಕೇಳಿದ್ದು ಇಷ್ಟೇ: “ಇಷ್ಟು ಹಳೇ ಮುಸಾಫಿರಖಾನೆ ಕೆಡವಾಕ ನಿಮಗ ಯಾರು ಹೇಳಿದ್ರು?”

ಬೇಗಂ ಬಜಾರಿನ ಹಿಂದೆ, ಈ ತೆಲುಗು ಊರಿಗೆ ದುಡಿಯಲು ಬಂದ ಕನ್ನಡದವರ ನಮ್ಮ ಓಣಿಯಲ್ಲಿದೆ ಈ ಮುಸಾಫಿರಖಾನೆ. ಹಿಂದೆ ದೂರದ ವ್ಯಾಪಾರಿಗಳು ಎತ್ತು, ಕುದುರೆ ಕಟ್ಟಿ ಇಲ್ಲಿ ತಂಗುತ್ತಿದ್ದರಂತೆ. ಈಗ ಅದರ ಕಮಾನುಗಳ ಕೆಳಗೆ ನಮ್ಮ ಹೆಣ್ಣುಮಕ್ಕಳ ರೊಟ್ಟಿ ಒಲೆಗಳಿವೆ. ಮೂರನೇ ಕಮಾನಿನಲ್ಲಿ ನನ್ನ ಅವ್ವ ಅಂಬವ್ವ ಜೋಳದ ರೊಟ್ಟಿ ಬಡಿಯುತ್ತಾಳೆ. ಕಂಪನಿ ಇದನ್ನು ಕೆಡವಿ ಗಾಜಿನ ಮಾರ್ಕೆಟ್ ಕಟ್ಟುತ್ತದಂತೆ. ನಮಗೂ ಮೇಲಿನ ಮಹಡಿಯಲ್ಲಿ ಜಾಗ ಕೊಡುತ್ತದಂತೆ. ಆದರೆ ಅಲ್ಲಿ ಕಟ್ಟಿಗೆ ಒಲೆ ಹಚ್ಚುವಂತಿಲ್ಲ. ಒಲೆ ಇಲ್ಲದ ಜಾಗ ತೆಗೆದುಕೊಂಡು ಅವ್ವ ಏನು ಮಾಡಬೇಕು?

ತಪ್ಪು ನಮ್ಮದೂ ಇತ್ತು. ಪ್ರತಿ ಯುಗಾದಿಗೆ ಓಣಿಯವರೆಲ್ಲ ಸೇರಿ ಹಳೆಯ ಗೋಡೆಗೆ ಸಿಮೆಂಟು ಮೆತ್ತಿ ಗುಲಾಬಿ ಬಣ್ಣ ಹೊಡೆಯುತ್ತಿದ್ದೆವು. ಮಲ್ಲಣ್ಣ ಕಾಕಾನೇ ಮುಂದಾಳು. ಹಳೆಯದು ಕಂಡರೆ ಬಡತನ ಕಂಡಂತೆ ಎಂಬ ನಾಚಿಕೆ. ಹಳೆಯ ಕಟ್ಟಡಗಳ ಸರ್ವೆಯವರು ಬಂದು ಆ ಸಿಮೆಂಟು ನೋಡಿ, ಇಲ್ಲಿ ಉಳಿಸುವಂಥ ಹಳೆಯದೇನೂ ಇಲ್ಲ ಎಂದು ಹೇಳಿ ಹೋದರು.

ಅಂದು ಸಂಜೆ ನಳಿನಿ ಅಕ್ಕ ರೊಟ್ಟಿ ಒಯ್ಯಲು ಬಂದಳು. ಹಿಮಾಯತ್‌ನಗರದ ವಕೀಲರೊಬ್ಬರ ಕಚೇರಿಯಲ್ಲಿ ಅವಳ ಕೆಲಸ. ಒಲೆಯ ಮೇಲಿನ ಗೋಡೆಯನ್ನೇ ನೋಡುತ್ತ ನಿಂತಳು. ಅಲ್ಲಿ ಸಿಮೆಂಟು ಉದುರಿತ್ತು.

“ಅಂಬವ್ವ ಕಾಕೂ, ಇದೇನ್ರಿ, ಒಳಗ ಹೂವಿನ ಬಳ್ಳಿ ಕಾಣಾಕತ್ತೈತಿ?”

“ಹಳೇ ಸುಣ್ಣದ ಗಚ್ಚು ತಂಗಿ ಅದು. ಈ ಗ್ವಾಡಿ ಸಿಮೆಂಟ್ ಹಿಡಿಯಂಗಿಲ್ಲ, ವರ್ಷಾ ವರ್ಷಾ ಉಗುಳತೈತಿ,” ಎಂದು ಅವ್ವ ನಕ್ಕಳು.

ನಾನು ಸುತ್ತಿಗೆ ಎತ್ತಿಕೊಂಡೆ. “ಸಿಮೆಂಟ್ ಪೂರಾ ಕೆತ್ತಿ ಆ ಶಿವ್ಯಾಗ ತೋರಸ್ತೀನಿ!”

ನಳಿನಿ ಅಕ್ಕ ಕೈ ಹಿಡಿದಳು. “ಸಿಟ್ಟಿನ್ಯಾಗ ಒಡದ್ರ ಅವರ ಕೆಲಸ ನೀನ ಮಾಡಿಕೊಟ್ಟಂಗ. ತಿಳಿದವರು ಬಂದು ಬಿಡಿಸ್ಲಿ. ನೀ ಫೋಟೋ ತಗಿ. ಸೋಮವಾರ ನಾಂಪಲ್ಲಿ ಸರ್ಕಾರಿ ಕಚೇರ್ಯಾಗ ಇದನ್ನ ಕೆಡವೂದರ ಮ್ಯಾಲೆ ಆಕ್ಷೇಪಣೆ ಕೇಳ್ತಾರ. ಎಲ್ಲಾರೂ ಹೋಗ್ರಿ.”

ಮಾತು ಕೇಳಿ ಒಲೆಯ ಹತ್ತಿರ ಬಂದ ಮಲ್ಲಣ್ಣ ಕಾಕಾ ಅಡ್ಡಡ್ಡ ತಲೆಯಾಡಿಸಿದ. “ಹೋಗಿ ಏನ್ ಹೇಳೂದವಾ? ಅಲ್ಲೆಲ್ಲಾ ತೆಲುಗು, ಇಂಗ್ಲಿಷ್. ಶಿವಪ್ರಕಾಶ ಓದಿದಾಂವ, ನಮ್ಮ ಪರ ಅವನ ಮಾತಾಡ್ತಾನಂತ.”

“ಕಂಪನಿ ಪಗಾರ ತಿನ್ನಾಂವ ನಿಮ್ಮ ಪರ ಮಾತಾಡ್ತಾನೇನ್ರಿ ಕಾಕಾ? ತೆಲುಗಿನ್ಯಾಗ ನಾ ಬರದು ಕೊಡ್ತೀನಿ. ಓದಿಸಿ ಕೇಳಿ ಆಮ್ಯಾಲೆ ಸಹಿ ಹಾಕ್ರಿ. ಯಾರ ಒಲಿ ಎಲ್ಲೈತಿ, ಯಾವಾಗಿಂದ ಐತಿ ಅಂತ ಬಾಯಿಲೆ ನೀವ ಹೇಳ್ರಿ. ಅದು ನಿಮ್ಮಷ್ಟು ಯಾರಿಗೆ ಗೊತ್ತೈತಿ?”

ಕಾಕಾ ಗೋಡೆಯ ಹತ್ತಿರ ಹೋದ. ಬಳ್ಳಿಯ ಮೇಲೆ ಬೆರಳಾಡಿಸಿದ.

“ಇದನ್ನ ಮುಚ್ಚಿದಾಂವ ನಾನ. ಅದನ್ನ ಅಲ್ಲಿ ನಾನ ಹೇಳ್ತೀನಿ.”

“ಆ ಗುಲಾಬಿ ಬಣ್ಣಾ ಬ್ಯಾಡ ಅಂತ ನಾ ಆವಾಗ ಹೇಳಿದ್ದೆ,” ಎಂದಳು ಅವ್ವ.

ಸೋಮವಾರ ಒಲೆ ಆರಿಸಿ ಓಣಿಗೆ ಓಣಿಯೇ ಹೊರಟಿತು. ಮೂಲೆಯಲ್ಲಿ ಶಿವಪ್ರಕಾಶ ನಿಂತಿದ್ದ. “ಏ ಗೊಲ್ಲಾಳ್ಯಾ, ಸಾಹೇಬ್ರ ಮುಂದ ಮಗ್ಗಿ ಹೇಳ್ತಿಯೇನಲೇ?”

ಈ ಸಲ ಕಾಕಾ ನಗಲಿಲ್ಲ. ಯಾರೂ ನಗಲಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಓಣಿಯ ಹಳೆಯ ಬಾವಿಗೆ, ಕಮಾನಿಗೆ ಸಿಮೆಂಟು ಮೆತ್ತಬೇಡಿ. ಸಭೆ ಕರೆದರೆ ದಲ್ಲಾಳಿಯನ್ನು ಕಳಿಸಬೇಡಿ, ನೀವೇ ಹೋಗಿ ಹೇಳಿ. ಹಂಗಿಸುವವನು ದಾರಿಯಲ್ಲಿ ನಿಂತೇ ಇರುತ್ತಾನೆ. ಅವನ ಜೊತೆ ಜಗಳಕ್ಕೆ ನಿಂತರೆ ಅಷ್ಟರಲ್ಲಿ ಸಭೆ ಮುಗಿದಿರುತ್ತದೆ. ಅವನಿಗೆ ಬೇಕಾದದ್ದೂ ಅದೇ.

ನನ್ನ ಮುಷ್ಟಿ ಬಿಗಿದೇ ಇತ್ತು. ಅದನ್ನು ಬಿಡಿಸಿ ಅವ್ವನ ಕೈ ಹಿಡಿದೆ. ಅವನಿಗೆ ಉತ್ತರ ಕೊಡದೆ ನಾಂಪಲ್ಲಿಯ ಕಡೆ ನಡೆದೆ.