ಕೈ ಕೆಳಗಿರುವಾಗ ಕಾಲು

1.

ಈ ಕಥೆಯನ್ನು ಕೈಯಿಂದ ಶುರು ಮಾಡಲೋ ಕಾಲಿನಿಂದಲೋ ಎಂದು ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ಕೈಯಿಂದಾದರೆ ಹೀಗೆ: ‘ಅವಳ ಕೈ ನೆಲ ಮುಟ್ಟುವಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು.’ ಕಾಲಿನಿಂದಾದರೆ: ‘ಅವಳ ಎಡಗಾಲು ಅಲ್ಲಾಡಲೇ ಇಲ್ಲ.’ ಎರಡೂ ಒಂದೇ ಗೋಲು, ಎರಡೂ ನಿಜ. ನಿಮಗೆ ಯಾವುದು ಹಿಡಿಸಿತೋ ಅದನ್ನು ಇಟ್ಟುಕೊಳ್ಳಿ. ನಾನು ಮುಂದೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲೇ ಬೇರು ಬಿಟ್ಟೇನು.

2.

ಅವಳೆಂದರೆ ಗೋಡೆ. ಹೆತ್ತವರಿಟ್ಟ ಹೆಸರು ಬೇರೆ ಇದೆ, ಅದು ಹಾಜರಿ ಪುಸ್ತಕಕ್ಕೆ ಮಾತ್ರ. ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಅವಳಿಗೆ ಕೆಲಸ. ಅಲ್ಲಿನ ಹೆಂಗಸರ ಫುಟ್‌ಬಾಲ್ ತಂಡಕ್ಕೆ ಹನ್ನೊಂದು ವರ್ಷದಿಂದ ಅವಳೇ ಗೋಲ್‌ಕೀಪರ್. ವಯಸ್ಸು ಮೂವತ್ತೊಂಬತ್ತು. ಕಳೆದ ಭಾನುವಾರ ಸೆಮಿಫೈನಲ್‌ನಲ್ಲಿ ಎಡಗಾಲಿನಿಂದ ಒಂದು ಗೇಣು ಆಚೆ, ನೆಲಕ್ಕಂಟಿಕೊಂಡು ಬಂದ ಚೆಂಡಿಗೆ ಅವಳು ಬಗ್ಗಿ ಕೈ ಹಾಕಿದಳು. ಆಮೇಲಿನದ್ದು ನಿಮಗೆ ಗೊತ್ತು. ತಂಡ ಹೇಗೋ ಗೆದ್ದಿತು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅನಿಸಿತು.

ತಂಡಕ್ಕೆ ಆಟ ಕಲಿಸುವವನು ಬಾಯ್ಲರ್ ನೋಡಿಕೊಳ್ಳುವ ಬಾಯ್ಲರಣ್ಣ. ಅವನ ಮಾತು ನೇರ: ಕೈ ಸೊಂಟದಿಂದ ಇಳಿದು ಬರಬೇಕು, ಕಾಲು ಆಗಲೇ ಅಲ್ಲಿರುತ್ತದೆ. ದೂರದ ಚೆಂಡಿಗೆ ಹಾರಿ ಕೈ ಕೊಡು, ಬುಡಕ್ಕೆ ಬಂದದ್ದಕ್ಕೆ ಕಾಲು ಕೊಡು. ಶನಿವಾರ ಗೋಡೆಗೆ ಹತ್ತು, ಮಡಿಸುವ ವಿಭಾಗದ ಕಡ್ಡಿಗೆ ಹತ್ತು ಚೆಂಡು ಹೊಡೆಯುತ್ತೇನೆ, ಹೆಚ್ಚು ತಡೆದವಳು ಫೈನಲ್ ಆಡಲಿ, ಸಮವಾದರೆ ಕಡ್ಡಿ ಆಡಲಿ ಎಂದ. (ಕಡ್ಡಿ ತಂಡದ ಮೀಸಲು ಕೀಪರ್, ವಯಸ್ಸು ಇಪ್ಪತ್ತಮೂರು. ಗೋಡೆಗೆ ಎದುರು ಕಡ್ಡಿ! ಈ ಅಡ್ಡಹೆಸರುಗಳು ನನ್ನವಲ್ಲ, ಲಾಂಡ್ರಿಯವು. ನಾನಾಗಿದ್ದರೆ ಇಷ್ಟು ಸುಲಭಕ್ಕೆ ಒಪ್ಪುತ್ತಿರಲಿಲ್ಲ.)

2, ಮತ್ತೆ.

ಇಲ್ಲಿ ನಾನೊಂದು ಜಾಣತನ ಮಾಡಿದ್ದೆ. ಅವಳ ಕಾಲು ಯಾಕೆ ಅಲ್ಲಾಡಲಿಲ್ಲ? ಅಡುಗೆಮನೆಯ ಕೆಳಗಿನ ಕಪಾಟನ್ನು ಹುಡುಗಿ ಕಾಲಲ್ಲಿ ಮುಚ್ಚಿದಾಗಲೆಲ್ಲ ಅಮ್ಮ ‘ಕೈಗೇನು ರೋಗ’ ಎಂದು ಗದರುತ್ತಿದ್ದಳು, ಹೆಣ್ಣಿನ ಕಾಲನ್ನು ಮನೆ ಕಟ್ಟಿಹಾಕುವುದೇ ಹೀಗೆ, ಇತ್ಯಾದಿ. ಎರಡು ಪುಟ. ಬರೆದು ನನಗೇ ಕಣ್ಣು ತುಂಬಿತ್ತು. ಗೋಡೆಗೆ ಓದಿ ಹೇಳಿದೆ.

“ಅಕ್ಕಾ, ನಮ್ಮಮ್ಮ ಆ ಕಪಾಟನ್ನ ಕಾಲಲ್ಲೇ ಮುಚ್ಚೋದು,” ಎಂದಳು. “ನೀವು ಜನ್ಮದಲ್ಲಿ ಒಂದಾದ್ರೂ ಚೆಂಡು ಹಿಡಿದಿದ್ದೀರಾ?”

ಇಲ್ಲ. ಮಹಡಿಯಿಂದ ಎಸೆದ ಬೀಗದ ಕೈಯನ್ನೂ ಹಿಡಿದವಳಲ್ಲ. ಪುಟಗಳನ್ನು ಹರಿದೆ. (ಒಂದು ವಾಕ್ಯ ಚೆನ್ನಾಗಿತ್ತು, ಬೇರೆ ಕಥೆಗೆ ಎತ್ತಿಟ್ಟಿದ್ದೇನೆ.)

3.

ಕಾರಣ ಹೇಳಿದ್ದು ಅಮ್ಮನೇ. ಸೋಮವಾರ ಸಂಜೆ ಗೋಡೆ ಹಜಾರದಲ್ಲಿ ನಿಂತು, ಎದುರಿನ ಬಾಗಿಲಿಗೆ ಉರುಳಿಸಿ ಮರಳಿ ಬಂದ ಚೆಂಡಿಗೆ ಕಾಲು ಚಾಚುವ ಅಭ್ಯಾಸ ಮಾಡುತ್ತಿದ್ದಳು. ಪ್ರತಿ ಸಲವೂ ಕೈ ತಾನೇ ತಾನಾಗಿ ಇಳಿಯುತ್ತಿತ್ತು, ಕಾಲು ಬೇರೂರಿದಂತೆ ನಿಲ್ಲುತ್ತಿತ್ತು. ಬಟಾಣಿ ಸುಲಿಯುತ್ತಾ ಕೂತಿದ್ದ ಅಮ್ಮ ಬಹಳ ಹೊತ್ತು ನೋಡಿದಳು.

“ಕೈ ಕೆಳಗಿದ್ರೆ ಕಾಲು ಹೇಗೆ ಎದ್ದೀತೇ? ನಾನೇ ಅಲ್ವಾ ಕಲಿಸಿದ್ದು.”

ಲಾಂಡ್ರಿಯಲ್ಲಿ ಗೋಡೆಯದು ಪ್ರೆಸ್ಸಿನ ಕೆಲಸ. ರೋಗಿಗಳ ಅಂಗಿಯನ್ನು ಹಲಗೆಯ ಮೇಲೆ ಹರಡಿ, ಎರಡೂ ಅಂಗೈಯಿಂದ ಸುಕ್ಕು ಸವರಿ, ಕೈ ಈಚೆ ಎಳೆದು, ಆಮೇಲೆ ಎಡಗಾಲಿನಿಂದ ಪೆಡಲ್ ಒತ್ತಬೇಕು. ಒತ್ತಿದ ಕ್ಷಣ ಕಾದ ಕಬ್ಬಿಣದ ಹಲಗೆ ಮೇಲಿನಿಂದ ಬೀಳುತ್ತದೆ. ದಿನಕ್ಕೆ ನಾನೂರು ಸಲ. ಗೋಡೆಗಿಂತ ಮೊದಲು ಆ ಯಂತ್ರದ ಮುಂದೆ ನಿಂತವಳು ಅಮ್ಮ. ಒಂದು ದಿನ ಅವಳ ಕಾಲು ಕೈಗಿಂತ ಮುಂಚೆ ಹೋಯಿತು. ಬಲಗೈಯ ನಡುವಿನ ಎರಡು ಬೆರಳ ತುದಿ ಇವತ್ತಿಗೂ ಚಮಚದ ಹಾಗೆ ಚಪ್ಪಟೆ, ಉಗುರಿಲ್ಲ. ಮಗಳು ಕೆಲಸಕ್ಕೆ ಸೇರಿದಾಗ ಅಮ್ಮ ಒಂದು ವಾರ ತಣ್ಣಗಿನ ಯಂತ್ರದ ಪಕ್ಕ ಕೂತು, ಕೈ ಹಲಗೆಯ ಮೇಲಿರುವಾಗ ಕಾಲು ಮಿಸುಕಿದರೆ ಮೀನಖಂಡಕ್ಕೆ ಪಟ್ಟೆಂದು ಬಾರಿಸಿ ಕಲಿಸಿದ್ದಳು.

(ನನ್ನ ಎರಡು ಪುಟ ಎಲ್ಲಿ, ಅಮ್ಮನ ಒಂದು ಮಾತು ಎಲ್ಲಿ.)

5.

ನಾಲ್ಕನ್ನು ಕೈಬಿಟ್ಟೆ. ಅದರಲ್ಲಿ ಗೋಡೆ ಅಳುತ್ತಿದ್ದಳು, ಅವಳು ಒಪ್ಪಲಿಲ್ಲ.

ಅವಳು ಮಾಡಿದ್ದು ಇಷ್ಟು: ಮಂಗಳವಾರದಿಂದ ಮೂರು ಸಂಜೆ ಬಾಯ್ಲರ್ ಕೋಣೆಯ ಹಿಂದೆ ನಿಂತು ಚೆಂಡು ಹೊಡೆಸಿಕೊಂಡಳು. ಮೊದಲ ದಿನ ಕಾಲು ಹತ್ತಕ್ಕೆ ಒಂದು ಸಲ ಎದ್ದಿತು. ಮರುದಿನ ನಾಲ್ಕು. ಗುರುವಾರ ಅವಳು ಯೋಚಿಸುವ ಮುಂಚೆಯೇ ಚಿಮ್ಮತೊಡಗಿತು. ಗೋಡೆಗೂ ಕಾಲು ಬಂತಲ್ಲಪ್ಪ ಎಂದು ಬಾಯ್ಲರಣ್ಣ ಚೇಷ್ಟೆ ಮಾಡಿದ. ಅವಳು ಮನೆಯ ತನಕ ದಾರಿಯ ಕಲ್ಲುಗಳನ್ನೆಲ್ಲ ಒದೆಯುತ್ತಾ ಹೋದಳು.

ಶುಕ್ರವಾರ ಬೆಳಿಗ್ಗೆ ಒಂದು ಅಂಗಿಯ ಕತ್ತುಪಟ್ಟಿ ಸವರುತ್ತಿದ್ದಳು. ಬೆನ್ನ ಹಿಂದೆ ಯಾರೋ ಬಟ್ಟೆಯ ಗಂಟನ್ನು ಧೊಪ್ಪೆಂದು ಇಳಿಸಿದರು. ಎಡಗಾಲು ಚಿಮ್ಮಿತು, ಬಂದು ಬಿದ್ದದ್ದು ಪೆಡಲ್ ಮೇಲೆ.

ಕೈ ಎಳೆದುಕೊಂಡಳು. ಮುಂಗೈಯ ರೋಮ ಸುಟ್ಟಿತು, ಅಷ್ಟೇ. ಯಾರೂ ನೋಡಲಿಲ್ಲ. ಹಲಗೆ ಎದ್ದಾಗ ಅಂಗಿ ಒಂದು ಸುಕ್ಕೂ ಇಲ್ಲದೆ ಮಲಗಿತ್ತು. ಅವಳು ಕೈಯನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು ಆ ಅಂಗಿಯನ್ನೇ ನೋಡುತ್ತಾ ನಿಂತಳು.

ಸಂಜೆ ಅಮ್ಮನಿಗೆ ಹೇಳದೆ ಇರಲಾಗಲಿಲ್ಲ. ಅಮ್ಮ ಮುಂಗೈ ಹಿಡಿದು ಮೂಸಿ ನೋಡಿದಳು.

“ಬಿಟ್ಟುಬಿಡೇ. ಚೆಂಡು ಹೋದ್ರೆ ಒಂದು ಗೋಲು.”

“ಬೆರಳು ಹೋದ ಮೇಲೂ ನೀನು ಹದಿನಾಲ್ಕು ವರ್ಷ ಅಲ್ಲೇ ನಿಂತಿದ್ದೆ.”

“ನನಗೆ ಬೇರೆ ಎಲ್ಲಿ ನಿಲ್ಲೋಕಿತ್ತು?”

“ಅದೇ ಅಮ್ಮಾ. ನನಗೆ ಇದೆ.”

ಅಮ್ಮ ಮುಂಗೈ ಬಿಡಲಿಲ್ಲ.

6.

ಈಗ ಗೊಂದಲ ನನ್ನದು. ಒಂದೇ ಕಾಲಿಗೆ ಎರಡು ಬುದ್ಧಿ ಕಲಿಸಬಹುದೇ? ಸಂಜೆ ಐದರ ನಂತರ ಕೈಗೆ ಕಾಯಬೇಡ, ಬೆಳಿಗ್ಗೆ ಎಂಟಕ್ಕೆ ಕಾಯಿ ಎಂದರೆ ಅದು ಕೇಳುತ್ತದೆಯೇ? ನನಗೆ ಗೊತ್ತಿಲ್ಲ. ಬಾಯ್ಲರಣ್ಣನಿಗೂ ಗೊತ್ತಿಲ್ಲ, ಅವನು ಬಾಯ್ಲರನ್ನು ಕಣ್ಣಿಂದ ನೋಡಿಕೊಳ್ಳುವವನು.

ಆದರೆ ಪೆನ್ನು ನನ್ನ ಹತ್ತಿರ ಇದೆಯಲ್ಲ. ಗೋಡೆಯನ್ನು ಪ್ರೆಸ್ಸಿನಿಂದ ಬಿಡಿಸಿ ಮಡಿಸುವ ವಿಭಾಗಕ್ಕೆ ಹಾಕಿಬಿಟ್ಟೆ. ಒಂದೇ ಸಾಲು, ಎಲ್ಲ ಬಗೆಹರಿಯಿತು.

“ಆಗ ಪ್ರೆಸ್ಸಿಗೆ ಯಾರು?” ಎಂದಳು ಗೋಡೆ.

ಕಡ್ಡಿ, ಎಂದೆ.

“ಅವಳ ಕಾಲು ನೋಡಿದ್ದೀರಾ? ಚೆಂಡು ಕಂಡ್ರೆ ಸಾಕು, ಜಿಂಕೆ. ಅಳಿಸಿ ಅಕ್ಕಾ ಅದನ್ನ.”

ಅಳಿಸಿದೆ.

7.

ಶನಿವಾರ. ಕಡ್ಡಿ ಏಳು ತಡೆದು, ಕೂದಲು ಬಿಚ್ಚಿ ಕಟ್ಟಿಕೊಳ್ಳುತ್ತಾ ಪಕ್ಕಕ್ಕೆ ನಿಂತಿದ್ದಾಳೆ. ಗೋಡೆ ಒಂಬತ್ತರಲ್ಲಿ ಏಳು ತಡೆದಿದ್ದಾಳೆ. ಎರಡು ಸಲ ಕೈಯೂ ಹೋಯಿತು, ಕಾಲೂ ಹೋಯಿತು, ಚೆಂಡು ಎರಡರ ನಡುವೆ ನುಸುಳಿತು. ಹತ್ತನೆಯದನ್ನು ಬಿಟ್ಟರೆ ಸಮ, ಸಮವಾದರೆ ಕಡ್ಡಿ. ಅಮ್ಮ ಬಂದಿದ್ದಾಳೆ, ತಂತಿಬೇಲಿಯ ಆಚೆ.

ಹತ್ತನೆಯ ಚೆಂಡು ಎಲ್ಲಿಗೆ ಬರುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು: ಎಡಗಾಲಿನಿಂದ ಒಂದು ಗೇಣು ಆಚೆ.

ಅ) ಕೈ. ಕೈ ಇಳಿಯುತ್ತದೆ, ಕಾಲು ಹೇಳಿದ ಮಾತು ಕೇಳಿ ಕಾಯುತ್ತದೆ. ಗೋಲು. ಸೋಮವಾರ ಹತ್ತು ಬೆರಳೂ ಇರುತ್ತವೆ. ಇದು ಅಮ್ಮನ ಮುಕ್ತಾಯ.

ಆ) ಕಾಲು. ಚೆಂಡು ಪಾದಕ್ಕೆ ಬಡಿಯುತ್ತದೆ, ಗೋಡೆ ಗೆಲ್ಲುತ್ತಾಳೆ. ಆದರೆ ಹಾಗೆ ಬರೆದರೆ ಸೋಮವಾರ ಎಂಟು ಗಂಟೆಯನ್ನೂ ನಾನೇ ಬರೆಯಬೇಕು. ಅದಕ್ಕೆ ನನಗೆ ಧೈರ್ಯ ಸಾಲದು.

ಇ) ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಗುತ್ತದೆ. (ಇದನ್ನು ಓದಿ ಗೋಡೆ ನನ್ನ ಜೊತೆ ಅರ್ಧ ದಿನ ಮಾತು ಬಿಟ್ಟಳು. ಕಂಬ ಆಡಿದ್ದಕ್ಕೆ ತನಗೆ ಯಾಕೆ ಫೈನಲ್ ಎಂದಳು.)

ಬಾಯ್ಲರಣ್ಣ ನಾಲ್ಕು ಹೆಜ್ಜೆ ಹಿಂದೆ ಸರಿದ. ಗೋಡೆ ಮೊಣಕಾಲು ಸಡಿಲ ಬಿಟ್ಟು ತುಸು ಬಗ್ಗಿದಳು. ಕೈಗಳು ಸೊಂಟದ ಎತ್ತರದಲ್ಲಿ, ಬೆರಳು ಅಗಲ. ಬೇಲಿಯ ಆಚೆ ಅಮ್ಮ ತನ್ನ ಎರಡು ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು. ಕೈ ಮೊದಲೋ ಕಾಲು ಮೊದಲೋ, ಈ ಸಲವಾದರೂ ಕಣ್ಣಾರೆ ನೋಡಿಬಿಡೋಣವೆಂದು ನಾನು ಪುಸ್ತಕ ಹಿಡಿದು ಹತ್ತಿರ ಹೋದೆ, ಇನ್ನೂ ಹತ್ತಿರ ಹೋದೆ. ಅವಳ ಎಡ ಮೀನಖಂಡ ಸಣ್ಣಗೆ ನಡುಗುತ್ತಿತ್ತು. ಎತ್ತಲೆಂದು ನಡುಗುತ್ತಿತ್ತೋ, ತಡೆದು ಹಿಡಿದು ನಡುಗುತ್ತಿತ್ತೋ.

“ಅಕ್ಕಾ,” ಎಂದಳು ಗೋಡೆ, ನನ್ನ ಕಡೆ ನೋಡದೆ. “ಸ್ವಲ್ಪ ಸರೀರಿ. ಚೆಂಡು ಕಾಣ್ತಿಲ್ಲ.”

ಸರಿದೆ.