ಮೇಲೆದ್ದ ವೃತ್ತ

ಕ್ರೇನ್ ನಡೆಸುವ ತಮ್ಮ ಬಂದು ಪರೀಕ್ಷೆಯ ಕುರ್ಚಿಯಲ್ಲಿ ಕೂತಾಗಲೇ ಕಣ್ಣು ಪರೀಕ್ಷಿಸುವ ಅಕ್ಕನ ಎದೆ ಭಾರವಾಯಿತು. ಅವನ ಎಡಗಣ್ಣು ಹೋದದ್ದು ಏಳನೇ ವಯಸ್ಸಿನಲ್ಲಿ ಇವಳು ಸಿಟ್ಟಿನಿಂದ ಎಸೆದ ಪೆನ್ಸಿಲ್ಲಿನಿಂದ. ಈಗ ಕಂಪನಿಯವರು ಕಣ್ಣಿಗೆ ದೂರ, ಆಳ ತಿಳಿಯುತ್ತದೆಂಬ ಪತ್ರ ಬೇಕೆಂದು ಪಟ್ಟು ಹಿಡಿದಿದ್ದರು. ಇಲ್ಲದಿದ್ದರೆ ಕೆಲಸಕ್ಕೆ ಕತ್ತರಿ.

ಟ್ಯಾಬ್ಲೆಟ್ಟಿನಲ್ಲಿ ನಾಲ್ಕು ವೃತ್ತ. ಕೆಂಪು-ಹಸಿರು ಕನ್ನಡಕ ಹಾಕಿಕೊಂಡರೆ ಒಂದು ಮಾತ್ರ ಮೇಲೆದ್ದು ಕಾಣುತ್ತದೆ, ಅದೂ ಎರಡು ಕಣ್ಣೂ ಕೂಡಿ ನೋಡಿದರೆ. ಒಕ್ಕಣ್ಣಿನವರು ತಿಪ್ಪರಲಾಗ ಹಾಕಿದರೂ ಕಾಣದು. ತಾಳೆ ನೋಡಲು ತಾನೂ ಒಂದು ಕನ್ನಡಕ ಹಾಕಿಕೊಳ್ಳುವುದು ಅವಳ ಅಭ್ಯಾಸ. ಆ್ಯಪಿನ ಮೇಲೆ ಅವಳಿಗೆ ನಂಬಿಕೆ ಅಷ್ಟಕ್ಕಷ್ಟೇ.

ಹತ್ತು ಸಲ ವೃತ್ತ ಬದಲಿಸಿ ತೋರಿಸಿದರೂ ತಮ್ಮ ಹತ್ತಕ್ಕೆ ಹತ್ತೂ ಸರಿಯಾಗಿ ಮುಟ್ಟಿದ.

ಕಣ್ಣು ವಾಪಸು ಬಂದಿದೆ ಎಂದು ಅವಳಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಇಪ್ಪತ್ತೈದು ವರ್ಷ ಹೊತ್ತ ಪಾಪ ಇಳಿಯಿತೆಂದು ಅಳುವೇ ಬಂತು. ಖಾತ್ರಿಗೆ ಅವನ ಒಳ್ಳೆಯ ಕಣ್ಣಿಗೆ ಅಂಗೈ ಅಡ್ಡ ಹಿಡಿದಳು. ಸರಿಯಾಗಿಯೇ ಮುಟ್ಟಿದ. ಇದು ಆಗದ ಮಾತು. ಎರಡೂ ಕಣ್ಣಿಗೆ ದಪ್ಪ ಟವೆಲ್ಲು ಬಿಗಿದಳು. ಆಗಲೂ ಅವನ ಬೆರಳು ಮೇಲೆದ್ದ ವೃತ್ತದ ಮೇಲೇ ಹೋಗಿ ಕೂತಿತು.

"ಹೇಗೋ ಕಾಣ್ತಿದೆ ನಿಂಗೆ?"

"ನೀನು ನೋಡ್ತಿದ್ದೀಯಲ್ಲ ಅಕ್ಕ." ಅವನಿಗೆ ಇದರಲ್ಲಿ ವಿಶೇಷವೇನೂ ಇದ್ದಂತಿರಲಿಲ್ಲ. "ಪೆನ್ಸಿಲ್ ಬಿದ್ದ ದಿನದಿಂದ ನೀನು ನೋಡಿದ್ದೆಲ್ಲ ನಂಗೆ ಎಡಗಡೆ ಕಾಣತ್ತೆ. ನಿಂಗೂ ಗೊತ್ತು ಅಂದ್ಕೊಂಡಿದ್ದೆ."

ಅವಳು ತನ್ನ ಕನ್ನಡಕ ಕಿತ್ತಳು.

"ಈಗ ಎಲ್ಲಾ ಚಪ್ಪಟೆ ಆಯ್ತು," ಎಂದ.

ಅವಳು ಕಣ್ಣು ಮುಚ್ಚಿಕೊಂಡಳು.

"ಕಣ್ಣು ಬಿಡಕ್ಕ. ಕತ್ತಲೆ."

ಅವಳು ಥಟ್ಟನೆ ಕಣ್ಣು ಬಿಟ್ಟಳು. ತನ್ನ ಮದುವೆ, ಬಾಣಂತನ, ಬಚ್ಚಲಿನ ಕನ್ನಡಿ, ಎಲ್ಲವನ್ನೂ ಇವನು ನೋಡಿದ್ದಾನೆ. ಸಹಿ ಹಾಕಿದರೆ ನಾಳೆ ಎಪ್ಪತ್ತು ಮೀಟರ್ ಮೇಲೆ ಕೂರುತ್ತಾನೆ. ಕೊಕ್ಕೆಯಲ್ಲಿ ಉಕ್ಕಿನ ತೊಲೆ, ಕೆಳಗೆ ಜನ, ಅವನ ಎಡಗಣ್ಣಿನಲ್ಲಿ ಇವಳ ಅಡುಗೆಮನೆ. ತಮ್ಮನ ಅನ್ನ ಕಿತ್ತುಕೊಳ್ಳುವುದು ಅವಳಿಗೆ ಇಷ್ಟವಿರಲಿಲ್ಲ. ಆದರೂ ಪೆನ್ನು ತೆಗೆದು ಬರೆದಳು.

"ಅನರ್ಹ," ಎಂದು ಅವನು ಟವೆಲ್ಲು ಬಿಚ್ಚದೆಯೇ ಓದಿದ. ಸಿಟ್ಟೂ ಆಗಲಿಲ್ಲ. "ಹೋಗ್ಲಿ ಬಿಡಕ್ಕ. ಇನ್ಮೇಲೆ ಮನೇಲೇ ಇರ್ತೀನಿ, ದಿನವಿಡೀ ಬಿಡುವು. ನೀನು ನೋಡ್ತಾ ಇರು, ಸಾಕು."